ಮೂಡಲಗಿಯ ಕೆಂಪು ಲೋಳೆ ಡೆಲ್ಫ್ಟ್ ಕಂಡದ್ದು

ಮೂಡಲಗಿ

ಕೊಳಚೆ ನೀರಿನ ಸಲುವಾಗಿ ಯಾರಾದರೂ ವಿಮಾನ ಹತ್ತುತ್ತಾರೆಯೇ ಎಂದು ಗೋಕಾಕದ ನಮ್ಮ ಓಣಿಯ ಹೆಣ್ಣುಮಕ್ಕಳು ನಕ್ಕರು. ನಾನು ಹತ್ತಿದೆ. ನನ್ನ ಜೊತೆ ಅಡಿವೆಪ್ಪ ಕಾಕಾನೂ ಹತ್ತಿದರು. ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದವರು ಟುಲಿಪ್ ಹೂವಿನ ತೋಟದ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಬಾಟಲಿಗಳ ಫೋಟೋ. ಆದರೂ ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ತೋರಿಸುತ್ತೇನೆ.

ಮೂಡಲಗಿಯ ಹೊರಗೆ ಸಗಣಿ ಮತ್ತು ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಎಂದರೆ ಕಬ್ಬಿನ ರಸ ಸೋಸಿ ಉಳಿದ ಮಡ್ಡಿ, ಹಾಕಿ ಗ್ಯಾಸ್ ತೆಗೆಯುವ ಒಂದು ಘಟಕವಿದೆ. ಅಲ್ಲಿ ನೀರು ಪರೀಕ್ಷೆ ಮಾಡುವ ಕೆಲಸ ನನ್ನದು. ಗೋಕಾಕದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಡಿವೆಪ್ಪ ಕಾಕಾ ಅಲ್ಲಿಯ ಹೊಂಡಗಳನ್ನು ನೋಡಿಕೊಳ್ಳುವವರು. ಅರವತ್ತರ ಆಸುಪಾಸಿನ ಮನುಷ್ಯ. ಹಣೆ ತುಂಬ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಸದಾ ಒಂದು ಉದ್ದನೆಯ ಬಿದಿರ ಗಳ.

ಗ್ಯಾಸ್ ತೆಗೆದ ಮೇಲೆ ಉಳಿಯುವ ಕರಿ ನೀರಿನಲ್ಲಿ ಅಮೋನಿಯಂ ವಿಪರೀತ ಇರುತ್ತದೆ. ಅದನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಅದಕ್ಕೇ ಸಾಲಾಗಿ ಮೂರು ಹೊಂಡ. ಎಲ್ಲ ಕಡೆ ಮಾಡುವಂತೆ ಬ್ಲೋವರ್ ಹಚ್ಚಿ ಗಾಳಿ ಊದುವುದು ನಮ್ಮಲ್ಲೂ ಇತ್ತು. ಒಂದು ಬೇಸಿಗೆಯಲ್ಲಿ ಆ ಬ್ಲೋವರ್ ಸುಟ್ಟುಹೋಯಿತು. ಹೊಸದು ಬರುವುದು ತಡವಾಯಿತು. ಇನ್ನೇನು, ಮೂರನೇ ಹೊಂಡದ ನೀರು ವಿಷವಾಗುತ್ತದೆ ಎಂದುಕೊಂಡು ಪರೀಕ್ಷೆ ಮಾಡಿದೆ. ಅಮೋನಿಯಂ ಕಡಿಮೆಯಾಗಿತ್ತು! ನನ್ನ ಪರೀಕ್ಷೆಯೇ ತಪ್ಪಿರಬೇಕು ಎಂದು ಹೊಸ ದ್ರಾವಣ ಕಲಸಿ ಮತ್ತೆ ಮಾಡಿದೆ. ಮತ್ತೂ ಕಡಿಮೆ.

ಕಾಕಾಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಬಾಯಾರ, ಮೂರನೇ ಹೊಂಡದಾಗ ನಾತ ಹೋಗಿ ಭಾಳ ದಿನಾ ಆತ್ರಿ. ಕೆಳಗಿನ ಕಲ್ಲಿಗೆ ಕೆಂಪ ಲೋಳಿ ಹತ್ತೇತಿ. ಅದು ಇದ್ದಲ್ಲೆ ಗುಳ್ಳಿ ಏಳತಾವ. ಆದ್ರ ಆ ಗುಳ್ಳಿಗೆ ಕಡ್ಡಿ ಗೀರಿ ಹಿಡದ್ರ ಉರಿಯೂದಿಲ್ರಿ.”

“ಕಾಕಾ! ಗ್ಯಾಸಿನ ಜಾಗಾದಾಗ ಕಡ್ಡಿ ಗೀರಿದ್ರೇನ್ರಿ?”

“ಹೊರಗಿನ ಹೊಂಡದಾಗ್ರಿ. ಒಂದ ಸಲ ಅಷ್ಟ.”

ಬೈಯುವುದನ್ನು ಮರೆತೆ. ಉರಿಯದ ಗುಳ್ಳೆ ಎಂದರೆ ಅದು ನಮ್ಮ ಅಡುಗೆ ಗ್ಯಾಸಲ್ಲ, ಬೇರೇನೋ. ಕಾಲೇಜಿನಲ್ಲಿ ಓದಿದ್ದನ್ನೆಲ್ಲ ನೆನಪು ಮಾಡಿಕೊಂಡೆ, ಓದದೇ ಇದ್ದದ್ದನ್ನು ಹುಡುಕಿ ಓದಿದೆ. ಗಾಳಿಯೇ ಇಲ್ಲದ ಕಡೆ ಅಮೋನಿಯಂ ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ ಎಂದು ಆಗ ತಿಳಿಯಿತು. ನೀರಿನ ಮೇಲ್ಪದರದಲ್ಲಿ ಅಷ್ಟಿಷ್ಟು ಗಾಳಿ ಸಿಕ್ಕ ಬೇರೆ ಜಾತಿಯವು ಅಮೋನಿಯಂನ ಒಂದು ಭಾಗವನ್ನು ನೈಟ್ರೈಟ್ ಮಾಡುತ್ತವೆ. ಕೆಳಗೆ, ಗಾಳಿ ಮುಟ್ಟದ ಕತ್ತಲಲ್ಲಿ, ಈ ಕೆಂಪಿನವು ಆ ನೈಟ್ರೈಟನ್ನೂ ಉಳಿದ ಅಮೋನಿಯಂ ಅನ್ನೂ ಜೋಡಿಸಿ ನೈಟ್ರೋಜನ್ ಮಾಡಿ ಬಿಟ್ಟುಬಿಡುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ಇರುವುದು ಅದೇ ನೈಟ್ರೋಜನ್. ನಮ್ಮ ರಕ್ತಕ್ಕೆ ಕೆಂಪು ಕೊಡುವಂಥ ಕಬ್ಬಿಣದ ಸತ್ವವೇ ಅವಕ್ಕೂ ಬಣ್ಣ ಕೊಡುತ್ತದೆ. ಮೊಸರಿನವು ಒಂದು ರಾತ್ರಿಯಲ್ಲಿ ಪಾತ್ರೆ ತುಂಬಿದರೆ, ಇವು ಒಂದು ಎರಡಾಗಲು ವಾರಗಳನ್ನೇ ತೆಗೆದುಕೊಳ್ಳುತ್ತವೆ. ಜಗತ್ತಿನಲ್ಲಿ ಮೊದಲು ಇವನ್ನು ಗುರುತಿಸಿದ ಊರು ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್. ಅಲ್ಲೂ ಸಿಕ್ಕದ್ದು ಕಾರ್ಖಾನೆಯ ಕೊಳಚೆ ನೀರಿನ ತೊಟ್ಟಿಯಲ್ಲೇ.

ಆ ಊರಿನ ಒಂದು ಪ್ರಯೋಗಾಲಯಕ್ಕೆ ನನ್ನ ಅಂಕಿಗಳನ್ನೂ ಫೋಟೋಗಳನ್ನೂ ಕಳಿಸಿದೆ. ಉತ್ತರ ಬರುತ್ತದೆ ಎಂಬ ಭರವಸೆ ಇರಲಿಲ್ಲ. ಬಂತು. ಬರೆದವರು ಮರೈಕೆ ಎಂಬ ಸಂಶೋಧಕಿ. ಕೊಳಚೆ ನೀರಿನ ಘಟಕ ನಡೆಸುವವರ ಒಂದು ಸಭೆ ಅಲ್ಲಿ ನಡೆಯಲಿತ್ತು. ಅಳೆಯುವವರು ಒಬ್ಬರು, ಹೊಂಡ ಕಾಯುವವರು ಒಬ್ಬರು, ಇಬ್ಬರೂ ಬನ್ನಿ, ಲೋಳೆಯನ್ನು ಮುಂಚಿತವಾಗಿ ಕಳಿಸಿ ಎಂದು ಬರೆದಿದ್ದರು.

ನಮ್ಮ ಸಾವಕಾರರಿಗೆ, ಎಂದರೆ ಘಟಕದ ಮಾಲೀಕರಿಗೆ, ಅಷ್ಟೇನೂ ನಂಬಿಕೆ ಇರಲಿಲ್ಲ. ಮೂರೂ ಹೊಂಡ ಕೆರೆದು ಸಿಮೆಂಟ್ ಹಾಕಿಸಿ ಹೊಸ ಬ್ಲೋವರ್ ಕೂರಿಸಬೇಕು ಎಂದು ಅವರು ಆಗಲೇ ಗೌಂಡಿಯನ್ನು ಕರೆಸಿದ್ದರು.

“ಹೋಗಿ ಬರ್ರಿ ಬಾಯಾರ,” ಎಂದರು. “ಅಲ್ಲಿ ಖರೆ ಅಂದ್ರ ಹೊಂಡ ಇರ್ಲಿ. ಸುಳ್ಳ ಅಂದ್ರ ಮರುದಿನಾನ ಕೆರಸ್ತೀನಿ.”

ಹುಕ್ಕೇರಿ

ಕಾಕಾನ ಊರು ಹುಕ್ಕೇರಿ ತಾಲೂಕು, ನಿಡಸೋಸಿ ಹತ್ತಿರ. ಪಾಸ್‌ಪೋರ್ಟಿಗೆ ಜನ್ಮ ದಿನಾಂಕದ ದಾಖಲೆ ಬೇಕಿತ್ತು. ಸಂತೆಯ ದಿನ ಹುಕ್ಕೇರಿಗೆ ಹೋದೆವು. ಕಚೇರಿಯಲ್ಲಿ ಹುಟ್ಟಿದ ದಿನ ಕೇಳಿದರೆ ಕಾಕಾ, “ಕಾರಹುಣ್ಣಿವಿ ಮರುದಿನಾರಿ, ನಮ್ಮ ಬಿಳಿ ಆಕಳಾ ಅವತ್ತ ಈದಿತ್ತಂತ,” ಎಂದರು. ಗುಮಾಸ್ತರು ನಗಲಿಲ್ಲ. “ಅಜ್ಜಾರ, ಸಾಲಿಗೆ ಎಲ್ಲಿ ಹೋಗಿದ್ರಿ?” ಎಂದು ಸಮಾಧಾನವಾಗಿ ಕೇಳಿದರು. ಊರ ಸಾಲಿಯ ಹಳೆಯ ದಾಖಲೆ ಪುಸ್ತಕದಲ್ಲಿ ಕಾಕಾನ ಹೆಸರು ಸಿಕ್ಕಿತು, ದಿನಾಂಕವೂ ಸಿಕ್ಕಿತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟದ್ದೂ ಅಲ್ಲೇ ಬರೆದಿತ್ತು. ಯಾವ ದೇಶ, ಏನು ಕೆಲಸ ಎಂದು ಗುಮಾಸ್ತರು ಕೇಳಿದಾಗ ಕಾಕಾ ಟೊಪ್ಪಿಗೆ ಸರಿ ಮಾಡಿಕೊಂಡು, “ಹೊಂಡದ ಕೆಲಸಾರಿ,” ಎಂದರು. ಸರಕಾರಿ ಸಾಹೇಬರು ತಮ್ಮ ಹುದ್ದೆ ಹೇಳಿಕೊಳ್ಳುವಷ್ಟೇ ಗತ್ತಿನಲ್ಲಿ.

ಆಮ್‌ಸ್ಟರ್ಡ್ಯಾಮ್

ವಿಮಾನದಲ್ಲಿ ಕಾಕಾ ನಿದ್ದೆ ಮಾಡಲಿಲ್ಲ. ಕೆಳಗೆ ಯಾವ ನದಿ, ಯಾವ ನದಿ ಎಂದು ಕೇಳುತ್ತಲೇ ಇದ್ದರು. ನನಗೆ ಗೊತ್ತಿದ್ದದ್ದು ಒಂದೂ ಇರಲಿಲ್ಲ.

ಇಳಿದ ಮೇಲೆ ನಮ್ಮ ಚೀಲವನ್ನೇ ಬಿಚ್ಚಬೇಕೇ? ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದ. ನಾನು ಗಡಿಬಿಡಿಯಲ್ಲಿ ಮೊದಲು ಹೇಳಿದ ಶಬ್ದವೇ ‘ಬ್ಯಾಕ್ಟೀರಿಯಾ’. ಅವನ ಕೈ ಚೀಲದ ಒಳಗೆ ಹೋಯಿತು. ಹೊರಬಂದದ್ದು ಗಾಜಿನ ಬರಣಿ ತುಂಬ ಕೆಂಪು ಪುಡಿ. ಅವನು ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಬ್ಬಳನ್ನು ಕರೆದ. ಲೋಳೆಯನ್ನು ಪರವಾನಗಿ ಸಮೇತ ಬೇರೆ ಪೆಟ್ಟಿಗೆಯಲ್ಲಿ ಕಳಿಸಿದ್ದೇವೆ, ಇದು ಶೇಂಗಾ ಚಟ್ನಿ ಎಂದು ನಾನು ಮೂರು ಸಲ ಹೇಳಿದರೂ ನನ್ನ ಇಂಗ್ಲಿಷ್ ಅವರಿಗೆ ಮುಟ್ಟಲಿಲ್ಲ. ಕಾಕಾ ಮುಂದೆ ಬಂದರು. ಬರಣಿ ಬಿಚ್ಚಿ, ಅಂಗೈಯಲ್ಲಿ ಒಂದು ಚಿಟಿಕೆ ಹಾಕಿಕೊಂಡು ಬಾಯಿಗೆ ಎಸೆದುಕೊಂಡರು. ಆಮೇಲೆ ಬರಣಿಯನ್ನು ಅವನ ಮುಂದೆ ಹಿಡಿದರು.

“ತಿನ್ರಿ ಸಾಹೇಬ್ರ. ಮನಿಯಾಗ ಕುಟ್ಟಿದ್ದು.”

ಅವನು ತಿನ್ನಲಿಲ್ಲ. ಬಂದಿದ್ದ ಹೆಣ್ಣುಮಗಳು ಬೆರಳ ತುದಿಗೆ ಹಚ್ಚಿ ರುಚಿ ನೋಡಿದಳು. ಕಣ್ಣಲ್ಲಿ ನೀರು ಬಂತು. ಹೋಗಿ ಎಂದು ಕೈ ಬೀಸಿದಳು, ನಗುತ್ತಿದ್ದಳು ಕೂಡ.

ಡೆಲ್ಫ್ಟ್, ಮೊದಲ ದಿನ

ಇಲ್ಲಿಯ ಭೂಮಿ ನೋಡಿ ಕಾಕಾ ದಾರಿಯಲ್ಲೇ ನಿಂತುಬಿಟ್ಟರು. ಕಾಲುವೆಯ ನೀರು ಮೇಲೆ, ಹೊಲ ಕೆಳಗೆ. ದಂಡೆ ಹತ್ತಿದರೆ ಒಂದು ಕಡೆ ದೋಣಿ, ಇನ್ನೊಂದು ಕಡೆ ದೋಣಿಗಿಂತ ತಗ್ಗಿನಲ್ಲಿ ಮೇಯುವ ಆಕಳು. “ನಾವು ಘಟಪ್ರಭಾ ನೀರ ಹೊಲಕ್ಕ ತರಾಕ ಬಡದಾಡ್ತೀವಿ. ಇವರು ಹೊಲದಾನ ನೀರ ಹೊರಗ ಹಾಕಾಕ ಬಡದಾಡ್ತಾರ,” ಎಂದರು. “ನೀರಿನ ಕೂಡ ಜಗಳಾ ಇಲ್ಲದ ಊರ ಇಲ್ಲ ಬಿಡ್ರಿ.”

ಸೂಟು ಹಾಕಿದವರೂ ಮುದುಕಿಯರೂ ಸೈಕಲ್ ಮೇಲೆ. ಸೈಕಲ್ಲಿಗೆಂದೇ ಬೇರೆ ದಾರಿ ಇದೆ ಎಂದು ತಿಳಿಯದೆ ನಾವು ಅದರಲ್ಲೇ ನಡೆದೆವು. ಗಂಟೆ ಬಾರಿಸುತ್ತ ಬಂದ ಅಜ್ಜಿಯೊಬ್ಬಳು ನಮ್ಮನ್ನು ಗೋಡೆಗೆ ಒತ್ತಿಸಿ ಹೋದಳು. ಕ್ಷಮೆ ಕೇಳಲಿಲ್ಲ. ತಪ್ಪು ನಮ್ಮದೇ ಇತ್ತು.

ಪ್ರಯೋಗಾಲಯದಲ್ಲಿ ಮರೈಕೆ ಕಾಯುತ್ತಿದ್ದರು. ಎತ್ತರದ, ಚುರುಕು ಹೆಂಗಸು, ನನ್ನದೇ ವಯಸ್ಸು ಇರಬಹುದು. ನಮ್ಮ ಪೆಟ್ಟಿಗೆ ದಾರಿಯಲ್ಲಿ ಬಹಳ ದಿನ ನಿಂತು ಹಿಂದಿನ ಸಂಜೆಯಷ್ಟೇ ಬಂದಿತ್ತು. ಅವರು ಮುಚ್ಚಳ ತೆಗೆದರು. ಕೊಳೆತ ಮೊಟ್ಟೆಯ ನಾತ. ಒಳಗಿನದೆಲ್ಲ ಕಪ್ಪು.

ಮರೈಕೆ ನನ್ನ ಮುಖ ನೋಡಿದರು. ಇಷ್ಟು ದಿನ ಕಾದು ಉಳಿಸಿಕೊಂಡದ್ದು ಹಾದಿಯಲ್ಲೇ ಸತ್ತಿತು ಎಂದುಕೊಂಡೆ.

“ಒಂದ ಬಿಳಿ ತಾಟ ಕೊಡಾಕ ಹೇಳ್ರಿ,” ಎಂದರು ಕಾಕಾ.

ಬಿಳಿ ತಾಟು ಬಂತು. ಕಾಕಾ ಕೈಗವಸು ಹಾಕಿಕೊಂಡು ಒಂದು ಗಡ್ಡೆ ತೆಗೆದು ನೀರಲ್ಲಿ ಅಲುಗಿಸಿ ತೊಳೆದರು. ಎರಡು ಬೆರಳಲ್ಲಿ ಒತ್ತಿ ಎರಡು ಹೋಳು ಮಾಡಿದರು. ಹೊರಗಿನ ಕಪ್ಪು ಬರೇ ಸಿಪ್ಪೆ. ಒಳಗೆ ಗಜ್ಜರಿಯಂಥ ಕೆಂಪು.

“ಬಿಸಲಿಗಿ ಒಣಗಿದ ಹೊಂಡದಾಗೂ ಹಿಂಗ ಆಗೂದ್ರಿ. ಮ್ಯಾಲಿಂದ ಸಾಯತೈತಿ, ಒಳಗಿಂದ ಕುಂತಿರತೈತಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಮರೈಕೆ ಬಗ್ಗಿ ನೋಡುತ್ತಿದ್ದರು. ಗಡ್ಡೆಗಳನ್ನು ತೊಳೆದು, ಬೆಚ್ಚಗಿನ ನೀರಿಗೆ ಹಾಕಿ, ಸ್ವಲ್ಪ ಸ್ವಲ್ಪ ಆಹಾರ ಕೊಡುತ್ತ ಎರಡು ದಿನ ಸುಮ್ಮನೆ ಬಿಡೋಣ ಎಂದರು.

ಎರಡನೇ ದಿನ

ಇವರ ಮಧ್ಯಾಹ್ನದ ಊಟ ಎಂದರೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚೀಸು, ಒಂದು ಲೋಟ ತಣ್ಣನೆಯ ಹಾಲು. ದೊಡ್ಡ ವಿದ್ವಾಂಸರೂ ಅದನ್ನೇ ತಿಂದು ಕೈ ಕೊಡವಿಕೊಂಡು ಎದ್ದುಹೋಗುತ್ತಾರೆ. ಕಾಕಾ ರೊಟ್ಟಿ, ಚಟ್ನಿ ಬಿಚ್ಚಿದರು. ಬಾಜೂ ಮೇಜಿನವರು ಒಬ್ಬೊಬ್ಬರಾಗಿ ಬಂದು ರೊಟ್ಟಿ ಮುರಿದುಕೊಂಡರು.

ಆ ಊಟದ ನಡುವೆಯೇ ಮರೈಕೆ ನನ್ನ ಅಂಕಿಗಳ ಹಾಳೆ ಮುಂದಿಟ್ಟು ಹೇಳಿದರು: “ಇದರಲ್ಲಿ ತಪ್ಪಿದೆ ಅಂತ ನನಗೆ ಅನಿಸುತ್ತದೆ.”

ನಮ್ಮ ಕಡೆ ಇಂಥ ಮಾತು ಹೇಳಬೇಕಾದರೆ ಮೊದಲು ಚಹಾ ಕುಡಿಸುತ್ತಾರೆ, ಮನೆ ಮಂದಿಯ ಕ್ಷೇಮ ಕೇಳುತ್ತಾರೆ, ಆಮೇಲೆ ಮೂರನೆಯವರ ಹೆಸರು ಹೇಳಿ ಸುತ್ತು ಬಳಸಿ ಬರುತ್ತಾರೆ. ಇಲ್ಲಿ ಬ್ರೆಡ್ಡಿನ ತುಂಡು ಬಾಯಲ್ಲಿರುವಾಗಲೇ ನೇರ ಎದೆಗೆ. ಸಿಟ್ಟಲ್ಲ, ತಿರಸ್ಕಾರವಲ್ಲ. ಹವಾಮಾನ ಹೇಳುವಂತೆ ಹೇಳಿಬಿಡುತ್ತಾರೆ. ಅದು ಇವರ ರೀತಿ ಎಂದು ತಿಳಿಯಲು ನನಗೆ ಒಂದು ದಿನ ಬೇಕಾಯಿತು. ಆ ಗಳಿಗೆಯಲ್ಲಿ ಮಾತ್ರ ಮುಖಕ್ಕೆ ಬಿಸಿ ನೀರು ಎರಚಿದಂತಾಯಿತು.

ಅವರ ಪ್ರಶ್ನೆ ಇಷ್ಟೇ. ನಿಮ್ಮ ಊರು ಬಿಸಿ, ಹೊಂಡದ ಬಾಯಿ ತೆರೆದಿದೆ, ನೀರಿನಲ್ಲಿ ಕ್ಷಾರ ಹೆಚ್ಚು. ಅಂಥ ನೀರಿನಲ್ಲಿ ಅಮೋನಿಯಂ ಅಮೋನಿಯಾ ಗ್ಯಾಸಾಗಿ ತಾನಾಗಿಯೇ ಗಾಳಿಗೆ ಹಾರಿಹೋಗುತ್ತದೆ. ಕಡಿಮೆಯಾದದ್ದೆಲ್ಲ ಬ್ಯಾಕ್ಟೀರಿಯಾ ತಿಂದದ್ದು ಎಂದು ಹೇಗೆ ಹೇಳುತ್ತೀರಿ?

ಅದು ನನಗೆ ಹೊಳೆದೇ ಇರಲಿಲ್ಲ.

ಅವರು ಎರಡು ದಾರಿ ಹೇಳಿದರು. ಇದ್ದ ಅಂಕಿಗಳನ್ನೇ ಸಭೆಯಲ್ಲಿ ತೋರಿಸಬಹುದು, ಯಾರೂ ತಡೆಯುವುದಿಲ್ಲ. ಇಲ್ಲವೇ ಗಾಳಿ ಆಡದಂತೆ ಬಾಟಲಿಗಳಿಗೆ ಬಿರಡೆ ಹಾಕಿ ಪರೀಕ್ಷೆ ಮಾಡಬಹುದು. ಅದು ಸೋತರೆ ಸಭೆಯಲ್ಲಿ ಹೇಳಲು ನನ್ನ ಹತ್ತಿರ ಏನೂ ಇರುವುದಿಲ್ಲ.

ಕಾಲುವೆಯ ದಂಡೆಯ ಬೆಂಚಿನ ಮೇಲೆ ಕಾಕಾಗೆ ಎಲ್ಲ ಬಿಡಿಸಿ ಹೇಳಿದೆ. ಸುಳ್ಳಾದರೆ ಹೊಂಡವೂ ಹೋಗುತ್ತದೆ, ಸಿಮೆಂಟಿನ ಹೊಂಡಕ್ಕೆ ಕಾಯುವವರು ಬೇಕಿಲ್ಲವಾದ್ದರಿಂದ ಅವರ ಕೆಲಸವೂ ಹೋಗುತ್ತದೆ ಎಂಬುದನ್ನೂ ಹೇಳಿದೆ. ಅವರು ಕಾಲುವೆಗೆ ಒಂದು ಹರಳು ಎಸೆದರು.

“ಸುಳ್ಳ ಆದ್ರ ಸುಳ್ಳ ಅಂತ ಹೇಳೂಣ್ರಿ. ಕಳವ ಮಾಡೇವೇನ್ ನಾವು? ಆದ್ರ ನೋಡದ ಖರೆ ಅಂತ ಹ್ಯಾಂಗ ಹೇಳೂದು?”

ಮರುದಿನ ಬೆಳಿಗ್ಗೆ ನಾನೇ ಮರೈಕೆಗೆ ಹೇಳಿದೆ: ಬಿರಡೆ ಹಾಕೋಣ.

ಮೂರರಿಂದ ಏಳನೇ ದಿನ

ಒಂದು ಬಾಟಲಿಯಲ್ಲಿ ಜೀವಂತ ಲೋಳೆ. ಇನ್ನೊಂದರಲ್ಲಿ ಕುದಿಸಿ ಕೊಂದ ಲೋಳೆ, ಹೋಲಿಸಿ ನೋಡಲು. ಎರಡಕ್ಕೂ ಅಳತೆ ಮಾಡಿದ ಅಮೋನಿಯಂ, ನೈಟ್ರೈಟ್ ಹಾಕಿ, ಒಳಗಿನ ಗಾಳಿಯನ್ನೆಲ್ಲ ತೆಗೆದು ಬಿಗಿ ಬಿರಡೆ ಹಾಕಿದೆವು. ಒಳಗೆ ಗ್ಯಾಸ್ ಹುಟ್ಟಿದರೆ ಗೊತ್ತಾಗಲಿ ಎಂದು ಬಿರಡೆಯ ಮೂಲಕ ಗಾಜಿನ ಸಿರಿಂಜು ಚುಚ್ಚಿದೆವು. ಪಕ್ಕದಲ್ಲಿ ಒಂದು ತೆರೆದ ತಟ್ಟೆ: ಅಷ್ಟೇ ಬಿಸಿ, ಅಷ್ಟೇ ಕ್ಷಾರದ ನೀರು, ಲೋಳೆ ಇಲ್ಲ.

ಕುದಿಸುವಾಗ ಕಾಕಾ ಹೊರಗೆ ಹೋಗಿ ನಿಂತರು. “ದಾರಿಯೊಳಗ ಇಷ್ಟ ಕಷ್ಟಪಟ್ಟ ಉಳದಾವ, ಅವನ್ನ ಕುದಸ್ತಾರಲ್ರಿ,” ಎಂದು ಗೊಣಗಿದರು.

ಬಿರಡೆ ಹಾಕಿದ ಮೊದಲ ದಿನ ಸಿರಿಂಜು ಅಲುಗಲಿಲ್ಲ. ಎರಡನೇ ದಿನವೂ ಇಲ್ಲ. ನಾನು ಗಂಟೆಗೊಮ್ಮೆ ಹೋಗಿ ನೋಡುವುದನ್ನು ಕಂಡು ಮರೈಕೆ ನಮ್ಮನ್ನು ಊರ ಹೊರಗಿನ ನೀರು ಶುದ್ಧೀಕರಣ ಘಟಕಕ್ಕೆ ಕರೆದುಕೊಂಡು ಹೋದರು. ಮನೆಗಿಂತ ಎತ್ತರದ ಉಕ್ಕಿನ ತೊಟ್ಟಿ, ತುಂಬ ಕಾಳುಗಟ್ಟಿದ ಕೆಂಪು ಲೋಳೆ. ಸಜ್ಜೆ ಕಾಳಿನಷ್ಟಷ್ಟು ದಪ್ಪ. ಅಲ್ಲಿ ಕೆಲಸ ಮಾಡುವ ದಪ್ಪ ಮೀಸೆಯ ಹಿರಿಯನೊಬ್ಬ ಜಾಲರಿಯಲ್ಲಿ ಸ್ವಲ್ಪ ಎತ್ತಿ ಕಾಕಾನ ಅಂಗೈಗೆ ಸುರಿದ. ಕಾಕಾ ಹೆಬ್ಬೆರಳಿಂದ ತೀಡಿದರು. ಅವನೂ ತೀಡಿದ. ಕಾಕಾ ಮೂಸಿದರು. ಅವನೂ ಮೂಸಿದ. ಇಬ್ಬರೂ ಒಂದೇ ಸಲ ತಲೆಯಾಡಿಸಿದರು. ಅವನಿಗೆ ಕನ್ನಡ ಇಲ್ಲ, ಇವರಿಗೆ ಡಚ್ ಇಲ್ಲ. ಅರ್ಧ ಗಂಟೆ ತೊಟ್ಟಿಯ ಸುತ್ತ ಕೈಸನ್ನೆಯಲ್ಲೇ ಮಾತಾಡಿಕೊಂಡು ತಿರುಗಿದರು. ಬರುವಾಗ ಕಾಕಾ ನನಗೆ ಹೇಳಿದ್ದು: “ಬೆಳದ ಲೋಳಿ ಇವನೂ ತಗದ ಹಾಕೂದು ಅರ್ಧ ಅಷ್ಟ, ಉಳದ ಅರ್ಧ ಹೆಪ್ಪಿಗಿ ಬಿಡತಾನ್ರಿ. ನಮ್ಮಂಗ.”

ಬಿರಡೆ ಹಾಕಿದ ನಾಲ್ಕನೇ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದಾಗ ಜೀವಂತ ಲೋಳೆಯ ಬಾಟಲಿಯ ಸಿರಿಂಜಿನ ಒಳದಂಡ ಮೇಲೆ ಎದ್ದಿತ್ತು. ಬೆರಳಿನ ಒಂದು ಗೆಣ್ಣಿನಷ್ಟು. ನಾನು ಮುಟ್ಟಲಿಲ್ಲ. ಮರೈಕೆಯನ್ನು ಕೂಗಿದೆ. ಅವರು ಓಡಿ ಬಂದರು, ಇಷ್ಟು ದಿನ ಒಮ್ಮೆಯೂ ಓಡದವರು. ಗ್ಯಾಸನ್ನು ಯಂತ್ರಕ್ಕೆ ಹಾಕಿದರು. ನೈಟ್ರೋಜನ್. ನೀರಿನಲ್ಲಿ ಅಮೋನಿಯಂ ಇಳಿದಿತ್ತು, ನೈಟ್ರೈಟ್ ಇಳಿದಿತ್ತು. ಕುದಿಸಿದ ಬಾಟಲಿಯಲ್ಲಿ ಏನೂ ಆಗಿರಲಿಲ್ಲ.

ಆದರೆ ತೆರೆದ ತಟ್ಟೆಯಲ್ಲೂ ಅಮೋನಿಯಂ ಇಳಿದಿತ್ತು. ಮರೈಕೆ ಕೇಳಿದ ಪ್ರಶ್ನೆಯೂ ನಿಜವೇ ಆಗಿತ್ತು. ಮಧ್ಯಾಹ್ನ ಪೂರ್ತಿ ಕೂತು ಲೆಕ್ಕ ಹಾಕಿದೆ. ನಾನು ಬ್ಯಾಕ್ಟೀರಿಯಾದ ಹೆಸರಿಗೆ ಬರೆದಿದ್ದರಲ್ಲಿ ಅರ್ಧದಷ್ಟು ಗಾಳಿಪಾಲಾಗಿತ್ತು. ಉಳಿದದ್ದು ಮಾತ್ರ ಅವುಗಳದು. ಆದರೆ ಆ ಉಳಿದದ್ದನ್ನು ಇನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ಸಾವಕಾರರಿಗೆ ಫೋನ್ ಮಾಡಿದೆ.

“ಖರೇನೋ ಸುಳ್ಳೋ?” ಎಂದರು.

“ಅರ್ಧ ಖರೆ ಸಾವಕಾರ್ರ. ಉಳದ ಅರ್ಧ ನಾನ ತಪ್ಪ ಬರದಿದ್ದೆ.” ನಡೆದದ್ದನ್ನೆಲ್ಲ ಹೇಳಿದೆ.

ಸಾವಕಾರರು ಒಂದೊಂದೇ ಅಂಕಿ ಮತ್ತೆ ಕೇಳಿ ಬರೆದುಕೊಂಡರು.

“ನಿಮ್ಮ ತಪ್ಪ ನೀವ ಹೇಳಿದ್ರಿ ಅಂದಮ್ಯಾಲೆ ಖರೆ ಅಂದದ್ದೂ ಖರೇನ ಇರಬೇಕು. ಗೌಂಡಿಗಿ ಬರಬ್ಯಾಡ ಅಂತ ಹೇಳ್ತೀನಿ. ಅಡಿವೆಪ್ಪಗ ಹೇಳ್ರಿ, ಹೊಂಡ ಹಂಗ ಇರತೈತಿ ಅಂತ.”

ಕಾಕಾಗೆ ಹೇಳಿದಾಗ ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು. ಅವರನ್ನು ಟೊಪ್ಪಿಗೆ ಇಲ್ಲದೆ ನೋಡಿದ್ದು ಅದೇ ಮೊದಲು.

ಎಂಟನೇ ದಿನ, ಸಭೆ

ಸಭೆಯಲ್ಲಿ ಹತ್ತಾರು ದೇಶದವರು. ಅವರ ತೊಟ್ಟಿಗಳು ನಮ್ಮ ಹೊಂಡವನ್ನು ನೂರು ಸಲ ನುಂಗುವಷ್ಟು ದೊಡ್ಡವು. ನನ್ನ ಇಂಗ್ಲಿಷ್ ಗೋಕಾಕದ್ದು. ಅದನ್ನು ಬದಲಿಸಲು ಹೋಗಲಿಲ್ಲ. ಮೊದಲು ಹಳೆಯ ಅಂಕಿ ತೋರಿಸಿದೆ. “ಇದು ತಪ್ಪು. ತಪ್ಪು ಮಾಡಿದವಳು ನಾನು,” ಎಂದೆ. ಆಮೇಲೆ ಬಾಟಲಿಯ ಅಂಕಿ ತೋರಿಸಿದೆ. “ಇದು ನಿಜ. ಇದನ್ನು ಮೊದಲು ಕಂಡವರು ಇವರು,” ಎಂದು ಕಾಕಾನ ಕಡೆ ಕೈ ಮಾಡಿದೆ.

ಯಾರೋ ಕೇಳಿದರು: ಆ ಲೋಳೆ ಬೇರೆಯದು ಎಂದು ಇವರಿಗೆ ಮೊದಲು ಹೇಗೆ ಗೊತ್ತಾಯಿತು?

ನಾನು ಕನ್ನಡದಲ್ಲಿ ಹೇಳಿದೆ, ಕಾಕಾ ಎದ್ದು ನಿಂತರು.

“ದಿನಾ ನೋಡತಿದ್ನಿರಿ. ದಿನಾ ನೋಡಿದ್ರ ಯಾವುದು ಬ್ಯಾರೆ ಅನ್ನೂದು ಗೊತ್ತಾಗತೈತಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಇಲ್ಲಿಯವರು ಸುಮ್ಮನೆ ಚಪ್ಪಾಳೆ ತಟ್ಟುವವರಲ್ಲ ಎಂದು ಅಷ್ಟು ದಿನದಲ್ಲಿ ನನಗೆ ಗೊತ್ತಾಗಿತ್ತು. ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ತಪ್ಪು ಒಪ್ಪಿಕೊಂಡ ದಿನವೇ ಅದು ಆಯಿತು.

ಒಂಬತ್ತನೇ ದಿನ

ಹೊರಡುವ ಮೊದಲು ಮರೈಕೆ ನಮ್ಮನ್ನು ನೆಲಮಾಳಿಗೆಯ ಒಂದು ಕೋಣೆಗೆ ಕರೆದೊಯ್ದರು. ಬೆಚ್ಚಗಿನ, ಕೆಂಪು ದೀಪದ ಕೋಣೆ. ಗೋಡೆಯುದ್ದಕ್ಕೂ ಬಾಟಲಿಗಳು. ಬೇರೆ ಬೇರೆ ದೇಶದಿಂದ ಬಂದ ಕೆಂಪು ಬ್ಯಾಕ್ಟೀರಿಯಾವನ್ನು ಅಲ್ಲಿ ಸಾಕುತ್ತಾರೆ. ಪ್ರತಿ ಬಾಟಲಿಗೂ ಅದು ಬಂದ ಊರಿನ ಹೆಸರು. ನಮ್ಮದಕ್ಕೂ ಒಂದು ಜಾಗ ಖಾಲಿ ಬಿಟ್ಟಿದ್ದರು.

ಮರೈಕೆ ಹೆಸರಿನ ಚೀಟಿ ತೆಗೆದು ಪೆನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕಾಕಾಗೆ ಕೊಟ್ಟೆ.

“ನಾನ ಬರೀಲೇನ್ರಿ? ಕನ್ನಡದಾಗ?”

ಮರೈಕೆಗೆ ಹೇಳಿದೆ. ಯಾಕಾಗಬಾರದು, ಪಕ್ಕದ ಚೀಟಿ ಜಪಾನಿ ಭಾಷೆಯಲ್ಲಿದೆ ನೋಡಿ ಎಂದರು.

ಕಾಕಾ ಕನ್ನಡಕ ಹಾಕಿಕೊಂಡು, ಚೀಟಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಒಂದೊಂದೇ ಅಕ್ಷರ ದುಂಡಗೆ ಬರೆದರು. ಮೂ. ಡ. ಲ. ಗಿ. ಕೊನೆಯ ಗುಡಿಸು ಸ್ವಲ್ಪ ಜಾಗದ ಹೊರಗೆ ಹೋಯಿತು. ಅದನ್ನು ನೋಡಿ, ಇನ್ನೊಮ್ಮೆ ಬರೆಯಲೇ ಎಂಬಂತೆ ನನ್ನ ಕಡೆ ತಿರುಗಿದರು.

ಮರೈಕೆ ಅಷ್ಟರಲ್ಲಿ ಚೀಟಿ ತೆಗೆದುಕೊಂಡು ಬಾಟಲಿಗೆ ಅಂಟಿಸಿ, ಹೆಬ್ಬೆರಳಿನಿಂದ ಎರಡು ಸಲ ಒತ್ತಿ ಬಿಟ್ಟಿದ್ದರು. ಆಮೇಲೆ ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಕೇಳಿದರು, ಇದನ್ನು ಹೇಗೆ ಹೇಳಬೇಕು?

ಕಾಕಾ ಹೇಳಿಕೊಟ್ಟರು. ಮೂರನೇ ಸಲಕ್ಕೆ ಅವರಿಗೆ ಸರಿಯಾಗಿ ಬಂತು.